ಯಲಹಂಕದ ಯಂತ್ರಕ್ಕೆ ಬಿಡುವು ಕೊಟ್ಟ ಆಯುಧಪೂಜೆ

ಮೊನ್ನೆ ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಸಂಜಯನಗರದ ಮುಖ್ಯರಸ್ತೆಯಲ್ಲಿ ಆಟೋದಲ್ಲಿ ಬರುತ್ತಿದ್ದೆ. ಹಿಂದಿನ ದಿನ ಅಂಗಡಿಗಳ ಮುಂದೆ ಒಡೆದಿದ್ದ ಬೂದುಗುಂಬಳಗಳನ್ನು ಯಾರೂ ಎತ್ತಿರಲಿಲ್ಲ. ಮಳೆಗೆ ಅವುಗಳ ಹೊಟ್ಟೆಯ ಕುಂಕುಮ ಕರಗಿ ಚರಂಡಿಯವರೆಗೂ ಕೆಂಪಗೆ ಹರಿದಿತ್ತು. ಚಕ್ರಕ್ಕೆ ಸಿಕ್ಕಿದ ನಿಂಬೆಹಣ್ಣೊಂದು ಪಚಕ್ಕೆಂದು ಒಡೆಯಿತು. ಹಸಿ ಕುಂಬಳ, ನಿಂಬೆ, ಬಾಡಿದ ಚೆಂಡುಹೂವು, ಒದ್ದೆ ಮಣ್ಣು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, "ಸ್ವಲ್ಪ ನಿಲ್ಲಿಸಪ್ಪಾ" ಎಂದುಬಿಟ್ಟೆ.

ಆಟೋದವನು ತಿರುಗಿ ನೋಡಿದ. "ಯಾಕಜ್ಜಿ, ವಾಂತಿ ಬರ್ತಾ ಇದ್ಯಾ?"

ನೆನಪು ಬಂತು ಎನ್ನಲು ನಾಚಿಕೆಯಾಯಿತು. "ಏನಿಲ್ಲ, ನಡಿ" ಎಂದೆ.

ಗಂಗಾನಗರದಲ್ಲಿ ನನ್ನ ಮನೆ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮೊದಲ ಮಹಡಿ ದಾಟಿ ಮೆಟ್ಟಿಲು ತಿರುಗುವ ಕಡೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇದೆ. "ಆಂಟೀ, ಇದನ್ನ ತೆಗೆಸಿಬಿಡೋಣ್ವಾ? ಕಾಲಿಗೆ ಸಿಗುತ್ತೆ" ಎಂದು ಕೆಳಗಿನ ಮನೆಯವರು ಆಗಾಗ ಕೇಳುತ್ತಾರೆ. ನಾನು ವೆರಿ ಪೊಲೈಟ್ಲಿ ಬೇಡ ಎನ್ನುತ್ತೇನೆ. ಮೊನ್ನೆ ಅದರ ಮೇಲೆ, ತೊಡೆಯ ಮೇಲೆ ಚೀಲವಿಟ್ಟುಕೊಂಡು, ಬಹಳ ಹೊತ್ತು ಕೂತಿದ್ದೆ. ಅದು ಅಕ್ಕನ ಸ್ಟೂಲ್.

ಕೆಲವು ವರ್ಷಗಳ ಹಿಂದಿನ ಮಾತು. ಆ ವರ್ಷ ಗಣೇಶನ ಹಬ್ಬಕ್ಕೆ ಹಿಡಿದ ಮಳೆ ದಸರಾ ಬಂದರೂ ಬಿಟ್ಟಿರಲಿಲ್ಲ. ನಾನು ನಮ್ಮ ಗೇಟಿನ ಹತ್ತಿರವೇ ಪಾಚಿಯ ಮೇಲೆ ಕಾಲಿಟ್ಟು ಬಿದ್ದೆ. ಎಡಗಾಲಿನ ಮೂಳೆ ಮುರಿದು ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ನನ್ನನ್ನು ಕುರ್ಚಿಯ ಸಮೇತ ಮೇಲಕ್ಕೆ ಹೊತ್ತು ತಂದವರು ಹೋದ ಮೇಲೆ ಆ ಬಾಗಿಲಿನಿಂದಾಚೆಗೆ ನನಗೆ ಲೋಕವೇ ಇಲ್ಲದಂತಾಯಿತು. ಹಾಸಿಗೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಸಿಗೆಗೆ ವಾಕರ್ ಹಿಡಿದು ಕುಂಟುವುದು, ಗ್ರಿಲ್‌ಗೆ ಹಣೆ ಒತ್ತಿ ಕೆಳಗಿನ ರಸ್ತೆಯಲ್ಲಿ ನೀರು ಏರುವುದನ್ನೂ ಇಳಿಯುವುದನ್ನೂ ನೋಡುವುದು. ಒಣಗದ ಬಟ್ಟೆಗಳ ವಾಸನೆ ಮನೆಯ ತುಂಬ. ಪ್ಲಾಸ್ಟರಿನೊಳಗೆ ನವೆ ಎದ್ದರೆ ಅಕ್ಕನ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೆ.

ಅಕ್ಕ ಸಿಕ್ಕಿಕೊಂಡಿದ್ದ ಬೋನಿನ ಮುಂದೆ ನನ್ನದು ಏನೂ ಅಲ್ಲ. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಆರ್.ಟಿ. ನಗರದ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಮೆಷಿನ್ ಪಕ್ಕ ಮಲಗಬೇಕು. ಕುಡಿಯುವ ನೀರಿಗೂ ಅಳತೆ. ಬೆಳಿಗ್ಗೆ ಒಂದು ಸಣ್ಣ ಬಾಟಲಿಗೆ ತುಂಬಿಟ್ಟರೆ ಮಲಗುವವರೆಗೂ ಅಷ್ಟೇ. ಹೊರಗೆ ಆಕಾಶವೇ ಸುರಿಯುತ್ತಿರುವಾಗ ಅವಳು ನಾಲಗೆಯ ಮೇಲೆ ಐಸ್ ತುಂಡೊಂದನ್ನು ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು.

"ನೋಡು ಕಣಮ್ಮಿ, ಊರಿಗೆಲ್ಲ ಉಯ್ತಾವ್ನೆ ದೇವ್ರು. ನನ್ನ ಬಾಟ್ಲಿ ಕಂಡ್ರೆ ಮಾತ್ರ ಅವನಿಗೆ ಕೈ ಬರಾಕಿಲ್ಲ" ಎನ್ನುತ್ತಿದ್ದಳು.

ನಮ್ಮದು ಹೆಬ್ಬಾಳದ ಹಳೆಯ ಊರು. ಅಪ್ಪನ ರಾಗಿ ಹೊಲವಿದ್ದ ಕಡೆ ಈಗ ಫ್ಲೈಓವರಿನ ಕಂಬಗಳಿವೆ. ಅಕ್ಕ ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಓದು ಬಿಟ್ಟಳು. ಎಂಟು ವರ್ಷ ಚಿಕ್ಕವಳಾದ ನನ್ನನ್ನು ಮಾತ್ರ, ಹಾಲು ಕೊಡಲು ಹೋದಾಗ ಪರಿಚಯವಾದ ಒಬ್ಬ ಕ್ರೈಸ್ತ ಸನ್ಯಾಸಿನಿಯ ಮಾತಿಗೆ ಒಪ್ಪಿ, ಅಪ್ಪ ಕಾನ್ವೆಂಟಿಗೆ ಸೇರಿಸಿದರು. ಹೀಗಾಗಿ ನನ್ನ ಬಾಯಲ್ಲಿ ಇಂಗ್ಲಿಷ್ ಉಳಿಯಿತು, ಅವಳ ಬಾಯಲ್ಲಿ ಊರು ಉಳಿಯಿತು. ಅವಳು ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡಳು. ನಾನು ಮದುವೆಯ ಗೋಜಿಗೇ ಹೋಗಲಿಲ್ಲ. ಇಬ್ಬರೂ ಒಂದೇ ಸೂರಿನಡಿ ಮುದುಕಿಯರಾದೆವು.

ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಇದ್ದು ರಿಟೈರ್ ಆದವಳು. ಡಾಟಾಬೇಸ್ ನೋಡಿಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ಅಕ್ಕನನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅವಳ ಮೆಷಿನ್ ಮುಗಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕಾದಂಬರಿ ಹಿಡಿದು ಕೂರುತ್ತಿದ್ದೆ. ಅಲ್ಲಿನ ಮ್ಯಾನೇಜರ್ ಪ್ರಭಾಕರ್ ಅವರಿಗೆ ನನ್ನ ಹಳೆಯ ಉದ್ಯೋಗದ ವಿಷಯ ಹೇಗೋ ಗೊತ್ತಾಯಿತು. "ಮೇಡಂ, ಸುಮ್ನೆ ಕೂತಿರ್ತೀರಿ. ನಮ್ಮ ಸಿಸ್ಟಮ್ ಸ್ವಲ್ಪ ನೋಡ್ಬಾರ್ದಾ?" ಎಂದರು. ಆ ಸ್ವಲ್ಪ ಎನ್ನುವುದು ಬೆಳೆದು ನನ್ನ ಎರಡನೇ ನೌಕರಿಯಾಯಿತು.

ಪೇಷಂಟ್‌ಗಳ ಲೆಕ್ಕವೆಲ್ಲ ಇರುವ ಎರಡು ಸರ್ವರ್‌ಗಳಿದ್ದವು. ಅಸಲು ಆರ್.ಟಿ. ನಗರದ ಕೇಂದ್ರದಲ್ಲಿ. ಅದರ ನಕಲು ಯಲಹಂಕದಲ್ಲಿ, ಟ್ರಸ್ಟಿನ ಆಫೀಸಿನ ಮಹಡಿಯ ಮೇಲೆ. ಅಸಲಿನಲ್ಲಿ ಏನೇ ಬರೆದರೂ ಮರುಕ್ಷಣ ನಕಲಿನಲ್ಲೂ ಮೂಡುತ್ತದೆ. ಇದಕ್ಕೇ ರೆಪ್ಲಿಕೇಷನ್ ಎನ್ನುವುದು. ಅಕ್ಕ ಒಮ್ಮೆ, "ಅದೇನ್ ಕೆಲ್ಸಾನೇ ನಿಂದು, ಕೂತ್ಕಂಡು ಕುಟ್ಟೋದು?" ಎಂದಾಗ ನಾನು ನನ್ನ ಕಾನ್ವೆಂಟಿನ ಕ್ಲಾಸನ್ನೇ ಉದಾಹರಣೆ ಕೊಟ್ಟಿದ್ದೆ. ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತಾರೆ, ನಾವು ನೋಡಿ ಬರೆದುಕೊಳ್ಳುತ್ತೇವೆ. ನಡುವೆ ಸೀನು ಬಂತೆನ್ನು. ಪೆನ್ ಎತ್ತಿದರೆ ಸಾಕು, ಕ್ಲಾಸ್ ಬಿಟ್ಟು ಹೋಗಿ ಮತ್ತೆ ಬಾಗಿಲು ತಟ್ಟಿ ಬರಬೇಕಿಲ್ಲ. ಸೀನಿ ಮುಗಿದ ಮೇಲೆ, ಬಿಟ್ಟ ಸಾಲಿನಿಂದ ಹಿಡಿದು ಬರೆದರಾಯಿತು. ಬೋರ್ಡ್ ಒರೆಸಿರಬಾರದು, ಅಷ್ಟೇ.

ಅಕ್ಕ ಯೋಚಿಸಿ ಕೇಳಿದ್ದಳು. "ನಿಂತಿದ್ದಾಗ ಆದದ್ದೆಲ್ಲ ಆಮ್ಯಾಕೆ ತಗಂತದಾ?"

"ಒಂದೂ ಬಿಡದೆ, ಸಾಲಾಗಿ."

"ನನ್ನ ಮೈಗೂ ಅಂಗೊಂದು ಮಾಡ್ಬಾರ್ದಾ? ಒಂದು ವಾರ ಎತ್ತಿಟ್ಟು, ಆಮೇಲೆ ಸೇರ್ಸಿ ತೀರ್ಸದು."

ಆ ಮಳೆಗಾಲದಲ್ಲಿ ಅವಳು ಇದನ್ನೇ ಬೇರೆ ಬೇರೆ ರೀತಿ ಹೇಳುತ್ತಿದ್ದಳು. ಸಾಕಾಗಿದೆ, ದಸರಾ ಕಳೀಲಿ, ಆಮೇಲೆ ನಾನು ಹೋಗುವುದಿಲ್ಲ ಎಂದು. ಮೊದಲಾದರೆ ಬೈದು, ಗೋಗರೆದು, ಕೈ ಹಿಡಿದು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಈಗ ಕಾಲು ಕಟ್ಟಿಹಾಕಿತ್ತು. ಗೊತ್ತಿದ್ದ ಆಟೋದವರೊಬ್ಬರು ಬಂದು ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಒಬ್ಬಳೇ ಇಳಿದು ಹೋಗುತ್ತಿದ್ದಳು, ಒಬ್ಬಳೇ ಬರುತ್ತಿದ್ದಳು. ಬರುವಾಗ ಸುಧಾರಿಸಿಕೊಳ್ಳಲು ಆ ತಿರುವಿನ ಸ್ಟೂಲನ್ನು ಕರ್ ಎಂದು ಎಳೆದ ಸದ್ದಾಗುತ್ತಿತ್ತು. ಆಮೇಲೆ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ ಅವಳ ಹವಾಯಿ ಚಪ್ಪಲಿಯ ಸಪ್ಪಳ. ನಡುವಿನ ಆ ನಿಶ್ಶಬ್ದದಲ್ಲಿ ನಾನು ಹಾಸಿಗೆಯ ಅಂಚು ಹಿಡಿದು ಕೂತಿರುತ್ತಿದ್ದೆ. ಅವಳು ಅಲ್ಲಿ ಕುಸಿದರೂ ಹೋಗಿ ಎತ್ತುವ ಹಾಗಿರಲಿಲ್ಲ.

ಅಕ್ಕನಿಗೆ ಮೆಷಿನ್ ಶುರುವಾದ ಮೊದಲ ತಿಂಗಳುಗಳು ನರಕ. ಒಂದೊಂದು ಮೈಗೆ ಒಂದೊಂದು ಹದ ಬೇಕು. ನೀರನ್ನು ಎಷ್ಟು ನಿಧಾನ ಎಳೆಯಬೇಕು, ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಎಷ್ಟು ಬಿಡಬೇಕು, ಯಾವ ಬಗೆಯ ಫಿಲ್ಟರ್ ಆಗಿಬರುತ್ತದೆ, ಇದೆಲ್ಲ ಸಿಗುವುದು ತಪ್ಪಿ ತಪ್ಪಿ ನೋಡಿದ ಮೇಲೆಯೇ. ಆ ತಪ್ಪುಗಳನ್ನು ಅವಳ ಮೈ ಅನುಭವಿಸಿತ್ತು. ಕಾಲು ಸೆಟೆದುಕೊಂಡು ಕಿರುಚುತ್ತಿದ್ದಳು. ಬಿ.ಪಿ. ಇಳಿದು ಕಣ್ಣು ಮೇಲೆ ಮಾಡುತ್ತಿದ್ದಳು. ಕೊನೆಗೊಂದು ದಿನ ಹದ ಸಿಕ್ಕಿತು. ಅದು ಡಾಟಾಬೇಸಿನಲ್ಲಿ ಅವಳ ಹೆಸರಿನ ಮುಂದೆ ಕೂತಿತು. "ಇನ್ನೊಂದ್ಸಲ ಆ ತಿಂಗಳು ಬಂದ್ರೆ ನಾನ್ ಓಗಾಕಿಲ್ಲ, ಈಗ್ಲೇ ಏಳಿವ್ನಿ" ಎಂದು ಅವತ್ತೇ ಹೇಳಿದ್ದಳು. ಅಕ್ಕ ಸುಮ್ಮನೆ ಹೆದರಿಸುವವಳಲ್ಲ.

ಪ್ರಭಾಕರ್ ನನ್ನ ಕಾಲು ನೋಡಲು ಬಂದದ್ದು ನವರಾತ್ರಿ ಶುರುವಾದ ಮೇಲೆ. ಕೈಯಲ್ಲಿ ಎಳನೀರಿನ ಗೊಂಚಲು. ಅಕ್ಕ ಬಾಗಿಲಲ್ಲೇ ಅವರನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಡಯಾಲಿಸಿಸ್ ನಡ್ಸೋರು ನೀವು. ಕಿಡ್ನಿ ಇಲ್ದೋರ ಮನೆಗೆ ಎಳ್ನೀರು ತಂದಿದ್ದೀರ. ನನ್ನ ಬೇಗ ಕಳ್ಸಬೇಕು ಅಂತಾನಾ?"

ಎಳನೀರಿನ ಪೊಟ್ಯಾಸಿಯಂ ಅವಳಿಗೆ ವಿಷವೇ. ಪ್ರಭಾಕರ್ ಕೈಯಲ್ಲಿದ್ದುದನ್ನು ಎಲ್ಲಿಡುವುದು ತಿಳಿಯದೆ, "ಅಯ್ಯೋ, ಇದು ಮೇಡಂಗೆ ಅಮ್ಮಾ, ಮೂಳೆಗೆ" ಎಂದು ತೊದಲಿದರು.

ಅವರು ಬಂದ ಕೆಲಸ ಆಯುಧಪೂಜೆ. ಪ್ರತಿ ವರ್ಷ ಎರಡೂ ಸರ್ವರ್‌ಗಳನ್ನು ಆಫ್ ಮಾಡಿ, ಒರೆಸಿ, ವಿಭೂತಿ ಕುಂಕುಮ ಇಟ್ಟು, ಹಾರ ಹಾಕಿ, ಮಂಗಳಾರತಿ ಆದ ಮೇಲೆ ಮತ್ತೆ ಆನ್ ಮಾಡುವುದು ಅವರ ಪದ್ಧತಿ. ಹೋದ ವರ್ಷ ಹಾಗೆ ಮಾಡಿದಾಗ ಹಳೆಯ ಯಂತ್ರ ಬೇಗ ಮೇಲೇಳಲೇ ಇಲ್ಲ. ಹಾಸಿಗೆಗಳ ಪಕ್ಕದ ಸ್ಕ್ರೀನ್‌ಗಳೆಲ್ಲ ಕಪ್ಪಾಗಿ, ನರ್ಸ್‌ಗಳು ಅಂದಾಜಿನ ಮೇಲೆ ಓಡಾಡಿದ್ದರು.

"ಈ ಸಲ ಆಫ್ ಬೇಡ ಪ್ರಭಾಕರ್. ರೀಸ್ಟಾರ್ಟ್ ಅನ್ನೋ ಮಾತೇ ಬೇಡ" ಎಂದೆ.

"ಓಡ್ತಾ ಇರೋ ಯಂತ್ರಕ್ಕೆ ಪೂಜೆ ಆಗಲ್ವಲ್ಲ ಮೇಡಂ. ಆಯುಧಕ್ಕೆ ಅವತ್ತು ರೆಸ್ಟ್ ಕೊಡ್ಬೇಕು. ನಮ್ಮ ತಂದೆ ಲಾರಿ ಕೀಲಿ ಕೂಡ ಮುಟ್ತಿರ್ಲಿಲ್ಲ."

"ರೆಸ್ಟ್ ಕೊಡೋಣ. ಯಲಹಂಕದ್ದಕ್ಕೆ ಕೊಡೋಣ. ಅದು ಆನ್ ಆಗೇ ಇರುತ್ತೆ, ಆದ್ರೆ ಏನನ್ನೂ ಬರ್ಕೊಳ್ಳಲ್ಲ. ಬಂದಿದ್ದೆಲ್ಲ ಬಾಗಿಲಲ್ಲಿ ಸಾಲಾಗಿ ಕಾಯ್ತಾ ಇರುತ್ತೆ. ಪಾಜ್, ಅಂದ್ರೆ ತಡಿ ಅಂತ ಒಂದು ಕಮಾಂಡ್, ಆಮೇಲೆ ರೆಸ್ಯೂಮ್, ಅಂದ್ರೆ ಮುಂದುವರಿ ಅಂತ ಒಂದು. ನೀವೇ ಕೊಡಿ, ಹೇಳಿಕೊಡ್ತೀನಿ."

"ಉಸಿರಾಡುತ್ತೆ, ಕೆಲಸ ಮಾಡಲ್ಲ?"

"ಎಕ್ಸಾಕ್ಟ್ಲಿ."

ಅಡುಗೆಮನೆಯಿಂದ ಅಕ್ಕ, "ಅಬ್ಬದ ದಿನ ಗಂಡಸ್ರು ಇದ್ದಂಗೆ" ಎಂದಳು. ಪ್ರಭಾಕರ್ ನಕ್ಕು ಒಪ್ಪಿಕೊಂಡರು. ಹೊರಡುವಾಗ, ದಿನದಿನದ ಪ್ರತಿಯನ್ನು ಬೇರೆ ಎತ್ತಿಡುವ ಬ್ಯಾಕಪ್ ಡಿಸ್ಕ್ ತುಂಬಿಹೋಗಿ ಬಹಳ ದಿನದಿಂದ ಬ್ಯಾಕಪ್ ನಿಂತಿದೆ ಎಂದು ನೆನಪಿಸಿದೆ. "ಹಬ್ಬ ಆಗ್ಲಿ ಮೇಡಂ, ಮೊದಲನೇ ಕೆಲ್ಸ ಅದೇ" ಎಂದರು. ನಮ್ಮಲ್ಲಿ ಎಲ್ಲ ಮೊದಲನೇ ಕೆಲಸಗಳೂ ಹಬ್ಬದ ಆಚೆಗೇ ಇರುತ್ತವೆ.

ನಮ್ಮ ಮನೆಯಲ್ಲೂ ಹಬ್ಬಕ್ಕೆ ಅಮ್ಮನ ಕಾಲದ ಕಟ್ಟಳೆ. ಆಯುಧವೆಂದು ದೇವರ ಮುಂದೆ ಇಟ್ಟದ್ದನ್ನು ಮಾರನೆಯ ಬೆಳಿಗ್ಗೆ ಪೂಜೆ ಮಾಡಿ ಎತ್ತುವವರೆಗೆ ಮುಟ್ಟುವಂತಿಲ್ಲ. ಈಳಿಗೆಮಣೆ, ಚಾಕು, ಕತ್ತರಿ, ಅಪ್ಪನ ಹಳೆಯ ಕುಡುಗೋಲು ಎಲ್ಲ ಅಲ್ಲಿ. ತರಕಾರಿಯನ್ನು ಅಕ್ಕ ಹಿಂದಿನ ದಿನವೇ ಹೆಚ್ಚಿ ನೀರಲ್ಲಿ ನೆನೆಹಾಕಿದ್ದಳು. ನೆನೆದರೆ ತರಕಾರಿಯ ಪೊಟ್ಯಾಸಿಯಂ ಇಳಿಯುವುದರಿಂದ ಅವಳ ಪಥ್ಯಕ್ಕೂ ಅದು ಒಳ್ಳೆಯದೇ. ಆಮೇಲೆ ನನ್ನ ಮಂಚದ ಪಕ್ಕದಿಂದ ಲ್ಯಾಪ್‌ಟಾಪ್ ಎತ್ತಿಕೊಂಡಳು.

"ಅಕ್ಕಾ, ಅದು ಬೇಡ."

"ಯಾಕ್ ಬ್ಯಾಡ? ಅನ್ನ ಕೊಡೋದು ಅದೇ ತಾನೇ. ಫೋನ್ ಒಂದಿರ್ಲಿ, ಡಾಕ್ಟ್ರು ಮಾಡ್ತಾರೆ."

ಕಾಲಿದ್ದಿದ್ದರೆ ಹಿಂದೆ ಹೋಗಿ ಕಿತ್ತುಕೊಳ್ಳುತ್ತಿದ್ದೆನೋ ಏನೋ. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕುಂಕುಮ ಬಿತ್ತು, ಅದರ ಮೇಲೊಂದು ಚೆಂಡುಹೂವು.

ಹಬ್ಬದ ದಿನ ಬೆಳಗಿನಿಂದಲೂ ಜಿನುಗು. ಪ್ರಭಾಕರ್ ಬೆಳಿಗ್ಗೆಯೇ ಯಲಹಂಕದಿಂದ ಫೋನ್ ಮಾಡಿ, "ಮೇಡಂ, ಪಾಜ್ ಕೊಟ್ಟೆ. ಮಲಗಿದ ಮಗು ಥರ ಇದೆ" ಎಂದರು. ನಾನು ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತಿದ್ದೆ. ಕೆಳಗೆ ಯಾರೋ ಸ್ಕೂಟರಿಗೆ ಬಾಳೆಕಂದು ಕಟ್ಟುತ್ತಿದ್ದರು. ಆಗ ಕೇಂದ್ರದಿಂದ ಸಿಸ್ಟರ್ ಲಿಲ್ಲಿ ಫೋನ್ ಬಂತು. ಡಯಾಲಿಸಿಸ್‌ಗೆ ಹಬ್ಬದ ರಜೆ ಇಲ್ಲ. ಲಿಲ್ಲಿ ಅಲ್ಲಿನ ಹೆಡ್ ನರ್ಸ್, ಸುಮ್ಮಸುಮ್ಮನೆ ಗಾಬರಿಯಾಗುವವಳಲ್ಲ.

"ಮ್ಯಾಮ್, ಒಂದು ಡೌಟ್. ಎಲ್ಲ ಪೇಷಂಟ್‌ದೂ ಒಂದೇ ತೋರಿಸ್ತಾ ಇದೆ."

"ಒಂದೇ ಅಂದ್ರೆ?"

"ಫಿಲ್ಟರ್ ಒಂದೇ, ಔಷಧಿ ಒಂದೇ, ಸ್ಪೀಡ್ ಒಂದೇ. ಎಲ್ರೂ ಒಬ್ರೇ ಆಗ್ಬಿಟ್ಟಿದ್ದಾರೆ ಮ್ಯಾಮ್."

ವಿಚಾರಿಸಿದಾಗ ತಿಳಿಯಿತು. ಹೊಸ ಬಗೆಯ ಫಿಲ್ಟರ್‌ಗಳ ದಾಸ್ತಾನು ಬಂದಿತ್ತು. ಹಬ್ಬದ ದಿನ ಒಳ್ಳೆಯ ಗಳಿಗೆ ನೋಡಿ ಮೊದಲ ಎಂಟ್ರಿ ಹಾಕಿಬಿಡಿ, ಶುಭವಾಗುತ್ತದೆ ಎಂದು ಪ್ರಭಾಕರ್ ಹೇಳಿ ಹೋಗಿದ್ದರು. ಸಪ್ಲೈಯರ್ ಕಡೆಯಿಂದ ಬಂದ ಎಂಜಿನಿಯರ್ ಗಳಿಗೆ ಮೀರುತ್ತದೆಂದು ಅವಸರದಲ್ಲಿ ಎಂಟ್ರಿ ಹಾಕಿದ್ದ. ಹೊಸ ಪೇಷಂಟ್‌ಗಳಿಗೆ ಮಾತ್ರ ಎಂದು ಹೇಳಬೇಕಾದ ಒಂದು ಸಾಲನ್ನು ಬಿಟ್ಟಿದ್ದ. ಅದು ಎಲ್ಲರ ಹೆಸರಿನ ಮುಂದೆಯೂ ಕೂತುಬಿಟ್ಟಿತ್ತು. ಅವನು ಸಿಹಿ ತಿಂದು ಹೋಗಿಯೂ ಆಗಿತ್ತು.

ಅಸಲಿನಲ್ಲಿ ಹಳೆಯದು ಅಳಿಸಿಹೋಗಿದೆ. ಬ್ಯಾಕಪ್ ಇಲ್ಲ. ನಿಜವಾದ ಅಂಕಿಗಳು ಲೋಕದಲ್ಲಿ ಉಳಿದಿರುವುದು ಒಂದೇ ಕಡೆ. ಯಲಹಂಕದಲ್ಲಿ, ಹಾರ ಹಾಕಿಸಿಕೊಂಡು ಪೆನ್ ಎತ್ತಿ ಕೂತಿರುವ ಆ ಯಂತ್ರದಲ್ಲಿ. ಮಂಗಳಾರತಿ ಆದ ಕೂಡಲೇ ಪ್ರಭಾಕರ್ ಭಕ್ತಿಯಿಂದ ರೆಸ್ಯೂಮ್ ಕೊಡುತ್ತಾರೆ. ಬಾಗಿಲಲ್ಲಿ ಕಾಯುತ್ತಿರುವ ತಪ್ಪು ಒಳಗೆ ನುಗ್ಗಿ ಅಲ್ಲಿಯದನ್ನೂ ಅಳಿಸುತ್ತದೆ.

"ಲಿಲ್ಲಿ, ಸ್ಕ್ರೀನ್ ನೋಡಿ ಯಾರಿಗೂ ಮೆಷಿನ್ ಹಚ್ಚಬೇಡಿ. ಈಗ ಯಾರ ಟರ್ನ್?"

"ಸಂಪಂಗಪ್ಪ ಅವರದ್ದು. ಅವರದ್ದನ್ನ ಡಾಕ್ಟರ್ ಇವತ್ತು ಬೆಳಿಗ್ಗೆ ತಾನೇ ಚೇಂಜ್ ಮಾಡಿದ್ರು. ಡಾಕ್ಟರ್ ಊರಿಗೆ ಹೊರಟ್ರು, ಫೋನ್ ಹೋಗ್ತಾ ಇಲ್ಲ. ಕಾಯಿಸಬಹುದು, ಆದ್ರೆ ತುಂಬಾ ಹೊತ್ತು ಆಗಲ್ಲ ಮ್ಯಾಮ್, ಉಸಿರು ಕಟ್ತಾ ಇದೆ ಅವರಿಗೆ."

ಪ್ರಭಾಕರ್‌ಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅವರ ಜೊತೆಯವರಿಗೂ ಮಾಡಿದೆ. ಸ್ವಿಚ್ ಆಫ್. ಆಗ ಹೊಳೆಯಿತು. ಫೋನೂ ಆಯುಧವೇ ಅಲ್ಲವೇ! ಎಲ್ಲರ ಫೋನುಗಳೂ ಬಾಯಿ ಮುಚ್ಚಿಕೊಂಡು ಪೂಜೆಯ ತಟ್ಟೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವು. ಆಫೀಸಿನ ಲ್ಯಾಂಡ್‌ಲೈನ್ ಕೆಳಗಿನ ಮಹಡಿಯಲ್ಲಿ ಹೊಡೆದುಕೊಂಡು ಸುಮ್ಮನಾಯಿತು. ಯಾರನ್ನಾದರೂ ಓಡಿಸೋಣವೆಂದರೆ ಹೆಬ್ಬಾಳದ ಕೆಳಗೆ, ನಮ್ಮಪ್ಪನ ಹೊಲದಲ್ಲಿ, ನೀರು ನಿಂತು ಗಾಡಿಗಳು ಅಲ್ಲಾಡುತ್ತಿರಲಿಲ್ಲ. ನನ್ನ ಫೋನಿನಿಂದಲೇ ಸರ್ವರ್ ಒಳಗೆ ಹೋಗುವ ದಾರಿಯನ್ನು ಸೇಫ್ಟಿ ಎಂದು ನಾನೇ ಮುಚ್ಚಿಸಿದ್ದೆ. ಉಳಿದದ್ದು ಲ್ಯಾಪ್‌ಟಾಪ್. ಅದು ಪಕ್ಕದ ಕೋಣೆಯಲ್ಲಿ, ಚಾಮುಂಡಿಯ ಪಾದದಲ್ಲಿ.

"ಅಕ್ಕಾ! ಲ್ಯಾಪ್‌ಟಾಪ್ ಕೊಡೇ!"

ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. "ತಲೆ ಕೆಟ್ಟೈತಾ? ನಾಳೆ ಬೆಳಗ್ಗೆ ಎತ್ತದು."

"ನಾಳೆಗೆ ಏನೂ ಉಳಿಯಲ್ಲ. ಎಲ್ಲರ ಲೆಕ್ಕವೂ ಅಳಿಸಿಹೋಗಿದೆ."

"ಅಳ್ಸೋದ್ರೆ ಓಗ್ಲಿ. ಅಮ್ಮ ಒಂದಿನಾನೂ ಮುಟ್ಟಿಲ್ಲ. ಅಪ್ಪನಿಗೆ ಆವು ಕಚ್ಚಿದ್ ವರ್ಷ, ಯಾಕ್ ಕಚ್ತು ಏಳು? ಅಬ್ಬದ ದಿನ ಕುಡ್ಲು ತಗಂಡು ಉಲ್ಲಿಗೆ ಓಗಿದ್ದ. ಕಾನ್ವೆಂಟಲ್ಲಿ ಇದೆಲ್ಲ ಏಳ್ಕೊಡಾಕಿಲ್ಲ."

ನಾನು ವಾಕರ್ ಹಿಡಿದು ಎದ್ದೆ. ಎರಡು ಹೆಜ್ಜೆಗೆ ಪ್ಲಾಸ್ಟರ್ ನೆಲಕ್ಕೆ ತಾಗಿ ಕಣ್ಣು ಕತ್ತಲೆ ಬಂದು ಮತ್ತೆ ಕುಸಿದು ಕೂತೆ. ನಡುವೆ ಇದ್ದದ್ದು ಒಂದು ಹಜಾರ, ಒಂದು ಹೊಸ್ತಿಲು. ಅಷ್ಟು ದೂರವನ್ನು ದಾಟಲಾಗದ ಅವಮಾನಕ್ಕೆ ಅಳು ಬಂತು. ಅರವತ್ತು ದಾಟಿದ ಹೆಂಗಸು ಸ್ಕೂಲ್ ಹುಡುಗಿಯ ಹಾಗೆ ಅತ್ತೆ.

ಅಕ್ಕ ಸಣ್ಣ ದನಿಯಲ್ಲಿ, "ನಂದೂ ಓಯ್ತಾ?" ಎಂದಳು.

"ನಿಂದೂ."

ಅವಳ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡದ್ದು ಸುಳ್ಳಲ್ಲ. ನಾನು ನೋಡಬಾರದಾಗಿತ್ತು ಎನ್ನಿಸಿತು. ಇಷ್ಟು ದಿನ ಅವಳು ಹುಡುಕುತ್ತಿದ್ದ ನೆಪ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಮತ್ತೆ ಮೊದಲಿನಿಂದ ಹದ ಹುಡುಕುವುದೆಂದರೆ ಅವಳು ಬರುವುದಿಲ್ಲ. ದೇವರ ಕಟ್ಟಳೆಯೂ ಅವಳ ಕಡೆಗೇ ಇತ್ತು. ಅವಳು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಪಕ್ಕದ್ ಮಂಚದ ಸಂಪಂಗಪ್ಪ? ಅವನ್ದು?"

"ಅವರದ್ದೂ. ಈಗ ಅವರದ್ದೇ ಟರ್ನ್. ಕಾಯ್ತಾ ಇದ್ದಾರೆ."

ಸಂಪಂಗಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಮೆಷಿನ್ ಮೇಲೆ ಅವನ ಕಾಲು ಸೆಟೆದುಕೊಂಡರೆ ಅಕ್ಕನೇ ಪಕ್ಕದಿಂದ, "ಸಿಸ್ಟ್ರೇ, ಇವನನ್ನ ನೋಡಿ" ಎಂದು ಕೂಗುತ್ತಿದ್ದಳು. ಇವತ್ತು ಅಕ್ಕನ ದಿನವಲ್ಲ, ಅವನದೂ ಅಲ್ಲ; ಉಸಿರು ಕಟ್ಟಿ ಹೆಚ್ಚಿನ ಸರದಿಗೆ ಬಂದಿದ್ದ. ಅವನ ಪಕ್ಕದಲ್ಲಿ ಕೂಗುವವರಿರಲಿಲ್ಲ.

"ಬಾಯಿಲ್ಲದವ್ನು" ಎಂದಳು ಅಕ್ಕ, ತನಗೆ ತಾನೇ. ಒಳಗೆ 'ಚಟ್' ಎಂದು ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಕರ್ಪೂರ ಹಚ್ಚಿದಳು. "ತಾಯಿ, ಇವಳು ಓದಿದೋಳು, ಬುದ್ಧಿ ಕಮ್ಮಿ. ಏನಿದ್ರೂ ನನ್ ತಲೆ ಮ್ಯಾಲಾಕು. ಎಂಗೂ ನಂದು ಆಗೋದ ತಲೆ." ಆಮೇಲೆ ಬಂದಳು. ಸೂಜಿ ಚುಚ್ಚುವ ಎಡಗೈಯಿಂದ ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ಲ್ಯಾಪ್‌ಟಾಪನ್ನು ಬಲಗಂಕುಳಲ್ಲಿ, ಹುಲ್ಲಿನ ಹೊರೆಯ ಹಾಗೆ ಅವಚಿಕೊಂಡಿದ್ದಳು. ಹೂವು ಮುಚ್ಚಳದ ಮೇಲೆಯೇ ಇತ್ತು.

"ಊವ ತೆಗೀಬ್ಯಾಡ" ಎಂದಳು.

ಮುಚ್ಚಳವನ್ನು ಹೂವಿನ ಸಮೇತ ತೆರೆದೆ. ಹೂವು ಹಿಂದಕ್ಕೆ ಜಾರಿ ಹಾಸಿಗೆಯ ಮೇಲೆ ಬಿತ್ತು. ಅಕ್ಕ ಅದನ್ನು ನೋಡಿ, ಸ್ಕ್ರೀನಿನ ಕಡೆ ತಿರುಗಿದಳು.

"ಎಷ್ಟೊತ್ತು ಬೇಕು?"

"ಗೊತ್ತಿಲ್ಲ. ಅವರು ಮಂಗಳಾರತಿ ಮಾಡೋದರೊಳಗೆ ಆಗಬೇಕು."

ಅಕ್ಕ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. "ರಾವುಕಾಲ ಇನ್ನೂ ಮುಗಿದಿಲ್ಲ. ಆ ಪ್ರಭಾಕರ ಎಳ್ನೀರು ತರೋವಾಗ ಯೋಚ್ನೆ ಮಾಡ್ದೇ ಇರ್ಬೋದು, ರಾವುಕಾಲ್ದಾಗೆ ಮಂಗ್ಳಾರ್ತಿ ಎತ್ತಾಕಿಲ್ಲ. ಕುಟ್ಟು ನೀನು. ನಾನ್ ಗಡಿಯಾರ ನೋಡ್ತೀನಿ."

ಯಲಹಂಕದ ಯಂತ್ರ ನಾನು ಹೇಳಿದ್ದಲ್ಲೇ ನಿಂತಿತ್ತು, ಉಸಿರಾಡುತ್ತಾ. ಮೊದಲು ಅದರಲ್ಲಿ ಇದ್ದಷ್ಟನ್ನು ಎತ್ತಿ ಬೇರೆ ಕಡೆ ಇಟ್ಟುಕೊಂಡೆ. ಅಕ್ಕನ ಸಾಲು ಕಂಡಿತು. ಓದಲು ನಿಲ್ಲಲಿಲ್ಲ. ಆದರೆ ಸಂಪಂಗಪ್ಪನ ಬೆಳಗಿನ ಬದಲಾವಣೆ ಪಾಜ್ ಕೊಟ್ಟ ಮೇಲೆ ಆದದ್ದು. ಅದು ಇನ್ನೂ ಬಾಗಿಲ ಹೊರಗಿನ ಸಾಲಿನಲ್ಲಿತ್ತು. ಅದರ ಹಿಂದೆ, ಸ್ವಲ್ಪ ದೂರದಲ್ಲಿ, ಆ ಶುಭ ಗಳಿಗೆಯ ಎಂಟ್ರಿ ನಿಂತಿತ್ತು. ಇದನ್ನು ಒಳಗೆ ಬಿಡಬೇಕು, ಅದನ್ನು ಬಿಡಬಾರದು. ಇಂಥ ಕಡೆಯವರೆಗೆ ಮಾತ್ರ ಮುಂದುವರಿ, ಅಲ್ಲಿ ಮತ್ತೆ ನಿಲ್ಲು ಎಂದು ಹೇಳಲು ಒಂದು ರೀತಿ ಇದೆ. ಜೀವಮಾನದಲ್ಲಿ ಅದನ್ನು ನಾನು ಬಳಸಿದ್ದು ಕಡಿಮೆ. ಸಾಲಿನಲ್ಲಿ ಆ ತಪ್ಪಿನ ಜಾಗ ಹುಡುಕಿ, ಮತ್ತೆ ಮತ್ತೆ ನೋಡಿ, ಅದಕ್ಕೆ ಮೊದಲಿನ ಜಾಗದ ಗುರುತು ಹಾಕಿ, ಕುಂಕುಮ ಮೆತ್ತಿದ ಬೆರಳಿಂದ ಎಂಟರ್ ಒತ್ತಿದೆ.

ಅದು ನಡೆಯಿತು. ಬೆಳಗಿನ ಒಂದೊಂದು ಬರಹವನ್ನೂ ಒಳಗೆ ತೆಗೆದುಕೊಂಡಿತು. ತಪ್ಪಿನ ಮುಂದೆ ಬಂದು ನಿಂತಿತು.

ಅಲ್ಲಿಂದ ಸರಿಯಾದ ಅಂಕಿಗಳನ್ನೆಲ್ಲ ತೆಗೆದು ಆರ್.ಟಿ. ನಗರದ ಅಸಲಿಗೆ ವಾಪಸ್ ಬರೆದೆ. ಲಿಲ್ಲಿಗೆ ಫೋನ್ ಮಾಡಿ ಸ್ಕ್ರೀನ್ ನೋಡಲು ಹೇಳಿದೆ.

"ಬಂತು ಮ್ಯಾಮ್! ಎಲ್ರೂ ಮತ್ತೆ ಬೇರೆ ಬೇರೆ ಆದ್ರು. ಸಂಪಂಗಪ್ಪ ಅವರದ್ದು ಡಾಕ್ಟರ್ ಬೆಳಿಗ್ಗೆ ಹಾಕಿದ್ದೇ ಬಂದಿದೆ, ಟೈಮ್ ಸಮೇತ. ಹಚ್ತೀನಿ."

ಅಕ್ಕನಿಗೆ ಹೇಳಿದೆ. ಅವಳು ಗಡಿಯಾರದಿಂದ ಕಣ್ಣು ತೆಗೆಯದೆ, "ಬದುಕ್ಕಂಡ ಮುಂಡೇದು" ಎಂದಳು.

ಆಮೇಲೆ ಪ್ರಭಾಕರ್ ಫೋನ್ ಬಂತು. ಹಿಂದೆ ಗಂಟೆಯ ಸದ್ದು ಇನ್ನೂ ಅಡಗಿರಲಿಲ್ಲ. "ಮೇಡಂ, ಪೂಜೆ ಗ್ರ್ಯಾಂಡಾಗಿ ಆಯ್ತು! ರೆಸ್ಯೂಮ್ ಕೊಟ್ಟೆ. ಒಂದೇ ಏಟಿಗೆ ಎದ್ದು ಹೊರಟಿತು. ಅಂದ ಹಾಗೆ, ಇಷ್ಟೊಂದು ಮಿಸ್ಡ್ ಕಾಲ್?"

ಯಂತ್ರ ಈಗ ಆ ತಪ್ಪನ್ನೂ ಬರೆದುಕೊಂಡು, ಅದರ ಹಿಂದೆಯೇ ಬಂದ ತಿದ್ದುಪಡಿಯನ್ನೂ ಬರೆದುಕೊಂಡು, ಅಸಲಿನ ಪಕ್ಕಕ್ಕೆ ಬಂದು ಸೇರಿತ್ತು. ಒಮ್ಮೆಯೂ ಆಫ್ ಆಗಿರಲಿಲ್ಲ. ನಡೆದದ್ದನ್ನು ಪ್ರಭಾಕರ್‌ಗೆ ಹೇಳಿದೆ. "ದೇವಿಯೇ ಅದನ್ನ ಕೂರಿಸಿದ್ದಳು ಮೇಡಂ" ಎಂದರು. ನಾನು ವಾದ ಮಾಡಲಿಲ್ಲ. ಅವರ ಹಟವಿಲ್ಲದಿದ್ದರೆ ಆ ಯಂತ್ರ ಅವತ್ತು ನಿಲ್ಲುತ್ತಲೇ ಇರಲಿಲ್ಲ. ತಪ್ಪು ಕಣ್ಣು ಮಿಟುಕಿಸುವುದರೊಳಗೆ ಎರಡೂ ಕಡೆ ಮೂಡಿರುತ್ತಿತ್ತು.

ಅಕ್ಕ ಹೂವನ್ನು ಹಾಸಿಗೆಯಿಂದ ಆರಿಸಿ ಲ್ಯಾಪ್‌ಟಾಪಿನ ಮೇಲಿಟ್ಟು ಮತ್ತೆ ದೇವರ ಮುಂದೆ ಇಟ್ಟು ಬಂದಳು. ಅವಳ ಬಾಟಲಿಯಲ್ಲಿ ಎರಡು ಗುಟುಕು ನೀರು ಉಳಿದಿತ್ತು. ಒಂದನ್ನು ಕುಡಿದಳು. ನಾಳೆ ಹೋಗುತ್ತೀಯಾ ಎಂದು ನಾನು ಕೇಳಲಿಲ್ಲ. ಕೇಳಿದರೆ ಇಲ್ಲ ಎಂದುಬಿಡುತ್ತಾಳೇನೋ ಎಂಬ ಭಯ.

ವಿಜಯದಶಮಿಯ ಬೆಳಿಗ್ಗೆ ಕೆಳಗೆ ಆಟೋ ಹಾರ್ನ್ ಆಯಿತು. ಅಕ್ಕ ಈಳಿಗೆಮಣೆಗೆ ಅಕ್ಷತೆ ಹಾಕುತ್ತಿದ್ದಳು. ಹಾರ್ನ್ ಮತ್ತೆ ಆಯಿತು. ನಾನು ಕಣ್ಣು ಮುಚ್ಚಿ ಮಲಗಿದ ಹಾಗೆ ನಟಿಸಿದೆ. ಚಪ್ಪಲಿ ಹುಡುಕುವ ಸದ್ದು. ಬಾಗಿಲ ಚಿಲಕ.

"ಎದ್ದೇ ಇದ್ದೀಯ ಅಂತ ಗೊತ್ತು" ಎಂದಳು ಅಕ್ಕ. "ಸಂಪಂಗಪ್ಪ ಎಂಗವ್ನೆ ನೋಡ್ಕಂಡು ಬತ್ತೀನಿ."

ಬಾಲ್ಕನಿಯ ಗ್ರಿಲ್‌ಗೆ ಹಣೆ ಒತ್ತಿಕೊಂಡು ಅವಳ ಆಟೋ ತಿರುವು ದಾಟುವುದನ್ನು ನೋಡಿದೆ. ಚಕ್ರದ ಕೆಳಗೆ ನಿಂಬೆಹಣ್ಣು ಒಡೆಯಿತು. ರಸ್ತೆಯ ಮೇಲೆ ಕುಂಬಳಕಾಯಿಯ ಕೆಂಪು ನೀರು ಹರಿಯುತ್ತಿತ್ತು, ಅದರ ವಾಸನೆ ಎರಡನೇ ಮಹಡಿಗೂ ಬಂತು. ಆ ದಿನವೆಲ್ಲ ನಾನು ಏನೂ ಮಾಡಲಿಲ್ಲ. ಅಂಕಿಗಳೆಲ್ಲ ಸರಿ ಇವೆ ಎಂದು ನನಗೆ ಗೊತ್ತಿತ್ತು. ಆದರೂ ಒಂದೊಂದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ, ಎಲ್ಲಾದರೂ ಬಿಟ್ಟಿದ್ದೇನೆಯೇ ಎಂದು.

ಕೊನೆಗೆ ಕೆಳಗೆ ಗೇಟಿನ ಸದ್ದು. ನಿಧಾನದ ಹೆಜ್ಜೆಗಳು. ತಿರುವಿನಲ್ಲಿ ಸ್ಟೂಲ್ ಕರ್ ಎಂದಿತು.

ಆಮೇಲೆ ನಿಶ್ಶಬ್ದ. ಎಂದಿಗಿಂತ ಉದ್ದವೆನ್ನಿಸಿತು. ಮಳೆಯೂ ಆ ಹೊತ್ತಿಗೆ ನಿಂತಿತ್ತು. ನಾನು ಹಾಸಿಗೆಯ ಅಂಚು ಹಿಡಿದು, "ಅಕ್ಕಾ?" ಎಂದೆ.

"ಬಂದೇ ಇರು, ಕುಂಟಿ" ಎಂದು ಕೆಳಗಿನಿಂದ ಅಕ್ಕ ಗದರಿದಳು. "ಸುಧಾರಿಸ್ಕಂಡು ಬತ್ತೀನಿ."

ಮತ್ತೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹವಾಯಿ ಚಪ್ಪಲಿ ಒಂದೊಂದೇ ಮೆಟ್ಟಿಲು ಹತ್ತತೊಡಗಿತು.